ಬಾಲ್ಕನಿಗೆ ದುಡ್ಡು ಕೊಡುವ ಮುಂಚೆ ಕ್ಯಾಬಿನ್ ನಂಬರ್ ಕೇಳಿ

ಸಂಪಾದಕರಿಗೆ ನಮಸ್ಕಾರ.

ಮುಂಬೈನಿಂದ ಗೋವಾಕ್ಕೆ, ಲಕ್ಷದ್ವೀಪಕ್ಕೆ ಹೋಗುವ ಕ್ರೂಸ್ ಹಡಗಿನ ಬಗ್ಗೆ ನಿಮ್ಮ ಪ್ರವಾಸ ಪುಟದಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ದುಡ್ಡು ಸ್ವಲ್ಪ ಜಾಸ್ತಿ ಆದರೂ ಬಾಲ್ಕನಿ ಇರುವ ಕ್ಯಾಬಿನ್ನೇ ತಗೊಳ್ಳಿ, ಇಲ್ಲದಿದ್ದರೆ ಹೋಗಿಯೂ ಪ್ರಯೋಜನ ಇಲ್ಲ ಎಂಬ ಅರ್ಥದ ಒಂದು ಮಾತು ಅದರಲ್ಲಿತ್ತು. ಆ ಮಾತನ್ನು ನಂಬಿ ಎಷ್ಟೋ ಮನೆಯವರು ಸಾಲದ ಕಾರ್ಡು ಉಜ್ಜುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ವಿದೇಶಿ ಕ್ರೂಸ್ ಹಡಗುಗಳಲ್ಲಿ ಕ್ಯಾಬಿನ್ ಸ್ಟೀವರ್ಡ್ ಆಗಿ ದುಡಿದವನು. ಹಾಸಿಗೆ ಹಾಸುವುದು, ಬಾತ್‌ರೂಮ್ ತೊಳೆಯುವುದು, ಟವೆಲ್ ಮಡಚಿ ಆನೆ ಮಾಡಿ ಮಂಚದ ಮೇಲೆ ಕೂರಿಸುವುದು, ಇದೇ ಕೆಲಸ. ನಮ್ಮ ಕರಾವಳಿಯಿಂದ ಈ ಕೆಲಸಕ್ಕೆ ಹೋದವರು ಬೇಕಾದಷ್ಟು ಜನ ಇದ್ದಾರೆ. ಈಗ ಊರಲ್ಲೇ ಇದ್ದೇನೆ. ನೆಂಟರು, ಪರಿಚಯದವರು ಕ್ರೂಸ್ ಬುಕ್ ಮಾಡುವ ಮುಂಚೆ ಫೋನ್ ಮಾಡಿ ಕೇಳುವುದು ಒಂದೇ: ‘ಅಪ್‌ಗ್ರೇಡ್ ಮಾಡಿಸಲಾ, ಬೇಡ್ವಾ?’ ಅಂದರೆ ಜಾಸ್ತಿ ದುಡ್ಡು ಕೊಟ್ಟು ಮೇಲಿನ ದರ್ಜೆಯ ಕ್ಯಾಬಿನ್ ತಗೊಳ್ಳಲಾ ಅಂತ.

ಮೊದಲು ಒಂದು ವಿಷಯ ತಿಳಿದಿರಲಿ. ಹಡಗಿನಲ್ಲಿ ಪಂಕ್ತಿಭೇದ ಕಡಿಮೆ. ಕಿಟಕಿಯೇ ಇಲ್ಲದ ಒಳಗಿನ ಕ್ಯಾಬಿನ್‌ನವರಿಗೂ ಬಾಲ್ಕನಿಯವರಿಗೂ ಅದೇ ಊಟ, ಅದೇ ಥಿಯೇಟರ್, ಅದೇ ಈಜುಕೊಳ, ಅದೇ ಮೇಲಿನ ಡೆಕ್. ಸೂಟ್, ಅಂದರೆ ಎಲ್ಲಕ್ಕಿಂತ ದೊಡ್ಡ ದುಬಾರಿ ಕ್ಯಾಬಿನ್ ತಗೊಂಡವರಿಗೆ ಹತ್ತುವಾಗ ಬೇರೆ ಸಾಲು, ದೊಡ್ಡ ಹಡಗಾದರೆ ಬೇರೆ ಊಟದ ಕೋಣೆ ಇರಬಹುದು. ಅದು ಬೇರೆ ಲೆಕ್ಕ. ಉಳಿದವರು ಜಾಸ್ತಿ ದುಡ್ಡು ಕೊಡುವುದು ನಾಲ್ಕು ಗೋಡೆಗೆ, ಒಂದು ಗಾಜಿಗೆ, ಆಚೆಗಿನ ನಾಲ್ಕಡಿ ಜಾಗಕ್ಕೆ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಬೆಳಕಿರುವ ಹೊತ್ತಿನಲ್ಲಿ, ಎಚ್ಚರವಾಗಿ, ಕ್ಯಾಬಿನ್ ಒಳಗೆ ನೀವು ಎಷ್ಟು ಗಂಟೆ ಇರುತ್ತೀರಿ?

ಮುಂಬೈ–ಗೋವಾದ ಎರಡು ರಾತ್ರಿಯ ಟ್ರಿಪ್ಪನ್ನೇ ತಗೊಳ್ಳಿ. ಹಡಗು ಹೊರಡುವುದು ಸಂಜೆ. ಡಿಸೆಂಬರ್ ಆದರೆ ಆರೂವರೆಗೆಲ್ಲ ಕತ್ತಲೆ. ಹೊರಡುವ ಹೊತ್ತಿಗೆ ಎಲ್ಲರೂ ಮೇಲಿನ ಡೆಕ್ಕಿನಲ್ಲಿ ಫೋಟೊ ತೆಗೆಯುತ್ತಿರುತ್ತಾರೆ. ಆಮೇಲೆ ಊಟ, ಶೋ, ಮಕ್ಕಳ ಓಡಾಟ, ನಿದ್ದೆ. ರಾತ್ರಿ ಸಮುದ್ರ ಅಂದರೆ ಬಾಲ್ಕನಿಯಿಂದಲೂ ಕಪ್ಪು, ಕಿಟಕಿಯಿಂದಲೂ ಕಪ್ಪು. ಗೋವಾ ಬಂದ ಮೇಲೆ ಇಳಿದು ಸುತ್ತಾಡಲು ಹೋಗುತ್ತೀರಿ. ಒಟ್ಟು ಲೆಕ್ಕ ಹಾಕಿದರೆ ಬಾಲ್ಕನಿಯಲ್ಲಿ ಕೂರಲು ಸಿಗುವುದು ಮೂರೋ ನಾಲ್ಕೋ ಗಂಟೆ. ಅಪ್‌ಗ್ರೇಡಿಗೆ ಒಬ್ಬರಿಗೆ 9,000 ಅಂದರೆ ಇಬ್ಬರಿಗೆ 18,000. ನಾಲ್ಕು ಗಂಟೆ ಅಂತಲೇ ಹಿಡಿದರೂ ಗಂಟೆಗೆ ನಾಲ್ಕೂವರೆ ಸಾವಿರ. ಅದೇ ದುಡ್ಡಲ್ಲಿ ಕುಂದಾಪುರದಿಂದ ಮುಂಬೈಗೆ ಮತ್ಸ್ಯಗಂಧದಲ್ಲಿ ಎಸಿ ಬರ್ತ್‌ನಲ್ಲಿ ಹೋಗಿ, ಹಡಗು ಹತ್ತುವ ಹಿಂದಿನ ರಾತ್ರಿ ಒಳ್ಳೆಯ ಹೋಟೆಲಿನಲ್ಲಿ ಉಳಿದು, ಗೋವಾದಲ್ಲಿ ಇಡೀ ದಿನ ಕಾರು ಮಾಡಿಕೊಂಡು ಸುತ್ತಬಹುದು. ನನ್ನ ಕೇಳಿದರೆ ಈ ಟ್ರಿಪ್ಪಿಗೆ ಒಳಗಿನ ಕ್ಯಾಬಿನ್ ಧಾರಾಳ ಸಾಕು.

ಈ ‘ಒಬ್ಬರಿಗೆ’ ಅನ್ನುವುದನ್ನು ಇನ್ನೊಮ್ಮೆ ಒತ್ತಿ ಹೇಳಬೇಕು. ಜಾಹೀರಾತಿನಲ್ಲಿ, ಅಪ್‌ಗ್ರೇಡ್ ಮೇಲ್‌ನಲ್ಲಿ ಬರುವ ರೇಟು ಹೆಚ್ಚಾಗಿ ಒಬ್ಬರಿಗೆ, ಅದೂ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇದ್ದರೆ. ಒಬ್ಬರೇ ಹೋದರೆ ಸಾಮಾನ್ಯವಾಗಿ ಇಬ್ಬರ ದುಡ್ಡು ಕಟ್ಟಬೇಕು. ಟ್ಯಾಕ್ಸ್ ಬೇರೆ. ವಿದೇಶಿ ಹಡಗಾದರೆ ಎಷ್ಟೋ ಕಂಪನಿಗಳಲ್ಲಿ ಸೂಟ್‌ಗೆ ದಿನದ ಟಿಪ್ಸ್ ಕೂಡ ಜಾಸ್ತಿ. ಈಗ ಹರಾಜಿನ ಪದ್ಧತಿಯೂ ಬಂದಿದೆ. ಬುಕ್ ಆದ ಮೇಲೆ ಕಂಪನಿಯಿಂದ ಮೇಲ್ ಬರುತ್ತದೆ, ಮೇಲಿನ ದರ್ಜೆಯ ಕ್ಯಾಬಿನ್‌ಗೆ ನೀವೆಷ್ಟು ಕೊಡುತ್ತೀರಿ ಅಂತ. ಮೊತ್ತ ಹೇಳಿದಿರಿ, ಅವರು ಒಪ್ಪಿದರು ಅಂದರೆ ಆ ಕ್ಷಣವೇ ಕಾರ್ಡಿನಿಂದ ದುಡ್ಡು ಹೋಯಿತು. ಆಮೇಲೆ ಬೇಡ ಅನ್ನುವ ಹಾಗಿಲ್ಲ. ಯಾವ ಕ್ಯಾಬಿನ್ ಅಂತ ಆರಿಸುವ ಹಾಗೂ ಇಲ್ಲ. ಅಕ್ಕಪಕ್ಕ ಬುಕ್ ಮಾಡಿದ ಅಣ್ಣತಮ್ಮಂದಿರ ಮನೆಯವರು ಬೇರೆ ಬೇರೆ ಮಹಡಿಗೆ ಹೋಗುವುದು ಹೀಗೇ.

ಇಷ್ಟೆಲ್ಲ ದುಡ್ಡು ಕೊಟ್ಟ ಮೇಲೂ ಸಿಗುವ ಜಾಗ ಹಳೆಯದಕ್ಕಿಂತ ಕೆಟ್ಟದಾಗಿರಬಹುದು. ಈ ಮಾತು ಲೇಖನದಲ್ಲಿ ಎಲ್ಲೂ ಬರಲಿಲ್ಲ.

ಅಪ್‌ಗ್ರೇಡ್ ಅಂದರೆ ಸಾಮಾನ್ಯವಾಗಿ ಮೇಲಿನ ಮಹಡಿ. ಹಡಗಿನಲ್ಲಿ ಮೇಲಕ್ಕೆ ಹೋದಷ್ಟೂ ಓಲಾಟ ಜಾಸ್ತಿ. ಮೂತಿಯ ಕಡೆಗೆ ಹೋದರೆ ಇನ್ನೂ ಜಾಸ್ತಿ. ಆಗುಂಬೆ ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೂ ನಡುವಿನ ಸೀಟಿನಲ್ಲಿ ಕೂತವರಿಗೂ ಇರುವ ವ್ಯತ್ಯಾಸವೇ ಇಲ್ಲೂ. ಕೆಳಗಿನ ಮಹಡಿಯ ನಡುಭಾಗದಲ್ಲಿ ಮಲಗಿದವರಿಗೆ ಹೊಟ್ಟೆ ತೊಳೆಸುವುದು ತೀರಾ ಕಡಿಮೆ. ಮೇಲೆ ಮುಂದುಗಡೆಯ ದುಬಾರಿ ಕ್ಯಾಬಿನ್‌ನಿಂದ ನಮಗೆ ಫೋನ್ ಬರುತ್ತಿತ್ತು: ವಾಂತಿ ಚೀಲ ಕೊಡಿ, ಹಸಿರು ಸೇಬು ಕೊಡಿ, ಶುಂಠಿ ಬಿಸ್ಕತ್ತು ಇದೆಯಾ? ಬಸ್ಸಿನಲ್ಲಿ ವಾಂತಿ ಮಾಡುವವರು ಮನೆಯಲ್ಲಿದ್ದರೆ ಬಾಲ್ಕನಿ ಮರೆತುಬಿಡಿ. ಕೆಳಗಿನ ಮಹಡಿ, ನಡುಭಾಗ ಅಂತ ಕೇಳಿ ತಗೊಳ್ಳಿ.

ಇನ್ನು ಸದ್ದು. ಈಜುಕೊಳದ ಡೆಕ್ಕಿನ ಸರಿಯಾಗಿ ಕೆಳಗಿನ ಕ್ಯಾಬಿನ್ ಆದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು ತಲೆಯ ಮೇಲೇ. ನೈಟ್ ಕ್ಲಬ್ಬಿನ ಮೇಲಿನದಾದರೆ ನಡುರಾತ್ರಿಯವರೆಗೆ ಡಬ್ ಡಬ್. ಮುಂದುಗಡೆ ಕೆಳಗಿದ್ದರೆ ಲಂಗರಿನ ಸರಪಳಿ ಬಿಡುವಾಗ, ಹಡಗನ್ನು ದಕ್ಕೆಗೆ ಒತ್ತುವ ಥ್ರಸ್ಟರ್ ಓಡುವಾಗ ಇಡೀ ಮಂಚ ನಡುಗುತ್ತದೆ. ಹಿಂಭಾಗದಲ್ಲಿ ಎಂಜಿನ್ನಿನ ಅದುರು. ಮೇಲೆ ಕ್ಯಾಬಿನ್, ಕೆಳಗೆ ಕ್ಯಾಬಿನ್, ಅಕ್ಕಪಕ್ಕವೂ ಕ್ಯಾಬಿನ್ ಇರುವಂಥದ್ದೇ ಒಳ್ಳೆಯದು. ಇದನ್ನು ಡೆಕ್ ಪ್ಲ್ಯಾನ್, ಅಂದರೆ ಹಡಗಿನ ಒಂದೊಂದು ಮಹಡಿಯ ನಕ್ಷೆ ನೋಡಿದರೆ ಯಾರಾದರೂ ಐದು ನಿಮಿಷದಲ್ಲಿ ಕಂಡುಹಿಡಿಯಬಹುದು.

ಹೋದ ಸಲ ನಮ್ಮ ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ ಕ್ರೂಸ್‌ಗೆ ಹೋದರು. ಒಳಗಿನ ಕ್ಯಾಬಿನ್ ಬುಕ್ ಆಗಿತ್ತು. ಹೊರಡುವುದಕ್ಕೆ ಕೆಲವೇ ದಿನ ಇರುವಾಗ ಏಜೆಂಟ್ ಫೋನ್ ಮಾಡಿ, ‘ಸರ್, ಕಿಟಕಿ ಇರೋದು ಒಂದೇ ಉಳಿದಿದೆ, ಈಗಲೇ ಹೇಳಿ’ ಅಂದ. ಅವಸರದಲ್ಲಿ ಹೂಂ ಅಂದರು. ಹೋಗಿ ಪರದೆ ಸರಿಸಿದರೆ ಎದುರಿಗೆ ಲೈಫ್‌ಬೋಟಿನ ಹಳದಿ ಹೊಟ್ಟೆ. ಅದರ ಮೇಲೆ ಒಂದು ಗೇಣು ಆಕಾಶ. ಸಮುದ್ರ ಇಲ್ಲವೇ ಇಲ್ಲ. ಇಂಥ ಕ್ಯಾಬಿನ್‌ಗಳು ಬೇರೆ ದರ್ಜೆಯಲ್ಲಿ, ಕಡಿಮೆ ರೇಟಿಗೆ ಇರುತ್ತವೆ. ನೋಟಕ್ಕೆ ಅಡ್ಡಿ ಇದೆ ಅಂತ ಕಂಪನಿಯ ಪಟ್ಟಿಯಲ್ಲೇ ಬರೆದಿರುತ್ತದೆ. ಏಜೆಂಟ್ ಅದನ್ನು ಹೇಳಲಿಲ್ಲ. ಆ ಹಿರಿಯರು ಪಿಂಚಣಿಯಲ್ಲಿ ಉಳಿಸಿದ ದುಡ್ಡದು. ನನಗೆ ಈಗಲೂ ಸಿಟ್ಟು ಬರುತ್ತದೆ.

ಬಾಲ್ಕನಿ ಅಂದ ಮಾತ್ರಕ್ಕೆ ಸಮುದ್ರ ಅಂತಲೂ ಅಲ್ಲ. 2009ರಲ್ಲಿ ಬಂದ ಒಯಾಸಿಸ್ ಆಫ್ ದಿ ಸೀಸ್‌ನಂಥ ದೈತ್ಯ ಹಡಗುಗಳಲ್ಲಿ ಹಡಗಿನ ನಡುವಿನ ತೋಟದ ಕಡೆಗೆ ಮುಖ ಮಾಡಿದ ಬಾಲ್ಕನಿಗಳಿವೆ. ಎದುರು ಮನೆಯವರ ಬಾಲ್ಕನಿ ಕಾಣುತ್ತದೆ ಅಷ್ಟೆ. ಕೆಲವರಿಗೆ ಅದು ಇಷ್ಟವೇ. ಆದರೆ ತಿಳಿದು ತಗೊಳ್ಳಬೇಕು. ಇತ್ತ 2021ರಲ್ಲಿ ಮುಂಬೈನಿಂದ ಓಡಾಟ ಶುರು ಮಾಡಿದ ಎಂಪ್ರೆಸ್ 1990ರಲ್ಲಿ ಫ್ರಾನ್ಸ್‌ನ ಸೇಂಟ್ ನಜೇರ್‌ನಲ್ಲಿ ಕಟ್ಟಿದ ಹಡಗು. ಆ ಕಾಲದ ಹಡಗುಗಳಲ್ಲಿ ಬಾಲ್ಕನಿಗಳೇ ಕಡಿಮೆ. ಕಡಿಮೆ ಇರುವುದಕ್ಕೆ ರೇಟು ಜಾಸ್ತಿ. ಹೊಸ ಹಡಗಿನಲ್ಲಿ ಬಾಲ್ಕನಿ ಕ್ಯಾಬಿನ್‌ಗಳೇ ಹೆಚ್ಚು, ಅಲ್ಲಿ ರೇಟಿನ ಅಂತರ ಅಷ್ಟಿರುವುದಿಲ್ಲ. ಹಾಗಾಗಿ ಒಂದು ಹಡಗಿನ ಅನುಭವದಿಂದ ಇನ್ನೊಂದಕ್ಕೆ ಸಲಹೆ ಕೊಡುವುದು ಸರಿಯಲ್ಲ.

ಹಾಗಂತ ಬಾಲ್ಕನಿ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಬೆಳಿಗ್ಗೆ ಬಾಲ್ಕನಿ ಒರೆಸಲು ಹೋದರೆ ಎಷ್ಟೋ ಕಡೆ ಕುರ್ಚಿಗಳು ಹಿಂದಿನ ದಿನ ನಾನು ಇಟ್ಟಂತೆಯೇ ಇರುತ್ತಿದ್ದವು. ಕೈಯಾಡಿಸಿದರೆ ಉಪ್ಪಿನ ಪದರ ಬೆರಳಿಗೆ ಅಂಟುತ್ತಿತ್ತು. ಯಾರೂ ಕೂತಿಲ್ಲ ಅಂತ ಅದೇ ಹೇಳುತ್ತಿತ್ತು. ಆದರೆ ಒಂದು ಕ್ಯಾಬಿನ್ ಮಾತ್ರ ಮರೆಯುವಂತಿಲ್ಲ.

ಅಲಾಸ್ಕಾದ ಹಡಗು. ಅಮೆರಿಕದಲ್ಲಿರುವ ಮಕ್ಕಳು ಊರಿಂದ ಬಂದ ಅಪ್ಪ ಅಮ್ಮನನ್ನು ಬೇಸಿಗೆಯಲ್ಲಿ ಅಲ್ಲಿಗೆ ಕರೆದುಕೊಂಡು ಬರುವುದು ಜಾಸ್ತಿ. ಹುಬ್ಬಳ್ಳಿ ಕಡೆಯ ಒಬ್ಬ ಅಜ್ಜಿ, ಮಗ, ಸೊಸೆ. ಅಜ್ಜಿಗೆ ಎರಡೂ ಮೊಣಕಾಲು ನೋವು. ಲಿಫ್ಟಿನವರೆಗೆ ನಡೆಯುವುದೇ ಕಷ್ಟ. ಅವರು ಮಗನ ಹತ್ತಿರ ಕನ್ನಡದಲ್ಲಿ ಮಾತಾಡುವುದು ಕೇಳಿ ‘ಅಜ್ಜಿ, ಬಿಸಿನೀರು ತರಲಾ?’ ಅಂದೆ. ‘ಅಯ್ಯ, ನಮ್ಮ ಕಡೆಯಾಂವ ಅದಾನಲ್ಲೋ!’ ಅಂತ ಕೈ ಹಿಡಿದುಕೊಂಡರು. ಆ ವಾರವೆಲ್ಲ ಅವರು ಇದ್ದದ್ದು ಬಾಲ್ಕನಿಯಲ್ಲೇ. ಸ್ವೆಟರ್, ಅದರ ಮೇಲೆ ಶಾಲು, ತಲೆಗೆ ಮಂಕಿ ಕ್ಯಾಪ್, ಕಾಲ ಮೇಲೆ ನಾನು ಕೊಟ್ಟ ಎರಡು ಕಂಬಳಿ. ಗ್ಲೇಸಿಯರ್ ಬೇ ಅನ್ನುವ ಕೊಲ್ಲಿಯಲ್ಲಿ ಮಾರ್ಜರಿ ಹಿಮನದಿಯ ಎದುರು ಹಡಗು ನಿಂತು ನಿಧಾನಕ್ಕೆ ತಿರುಗುತ್ತದೆ, ಎರಡೂ ಕಡೆಯವರಿಗೆ ಕಾಣಲಿ ಅಂತ. ಹಿಮದ ಗೋಡೆಯಿಂದ ಒಂದು ತುಂಡು ಕಳಚಿ ನೀರಿಗೆ ಬೀಳುವುದು ಮೊದಲು ಕಾಣುತ್ತದೆ. ಸದ್ದು ಆಮೇಲೆ ಬರುತ್ತದೆ. ಸದ್ದು ಬಂದಾಗಲೆಲ್ಲ ಅಜ್ಜಿ ಮಗನನ್ನು ಕರೆದು ‘ಮತ್ತ ಬಿತ್ತು ನೋಡೋ’ ಅನ್ನುತ್ತಿದ್ದರು. ಮೇಲಿನ ಡೆಕ್ಕಿನ ನೂಕುನುಗ್ಗಲಿನಲ್ಲಿ ಅವರಿಗೆ ಇದು ಸಾಧ್ಯವೇ ಇರಲಿಲ್ಲ. ಆ ಮಗ ಕೊಟ್ಟ ಪ್ರತಿ ಡಾಲರೂ ಸಾರ್ಥಕ.

ಹಾಗಾಗಿ ನಡೆಯಲಾರದ ಹಿರಿಯರು, ಹಾಲು ಕುಡಿಯುವ ಕೂಸು ಇರುವ ತಾಯಿ, ಗದ್ದಲ ಆಗದವರು ಬಾಲ್ಕನಿ ತಗೊಳ್ಳಲಿ. ಇಡೀ ದಿನ ಸಮುದ್ರದ ಮೇಲೇ ಕಳೆಯುವ ಲಕ್ಷದ್ವೀಪದಂಥ ಉದ್ದದ ಟ್ರಿಪ್ಪಿಗೂ ಯೋಚಿಸಬಹುದು. ಹಡಗು ಮುಂಬೈನಿಂದ ದಕ್ಷಿಣಕ್ಕೆ ಹೋಗುವಾಗ ಸೂರ್ಯ ಮುಳುಗುವುದು ಬಲಗಡೆ, ಕೊಂಕಣದ ದಡ ಎಡಗಡೆ. ವಾಪಸ್ ಬರುವಾಗ ಅದಲುಬದಲು. ದುಡ್ಡು ಕೊಡುವವರು ಇಷ್ಟನ್ನಾದರೂ ಕೇಳಿ ಆರಿಸಬೇಕು.

ಮಕ್ಕಳಿರುವ ಮಧ್ಯಮ ವರ್ಗದ ಮನೆಗೆ ನಾನು ಹೇಳುವುದು ಕಿಟಕಿ ಕ್ಯಾಬಿನ್. ಕಿಟಕಿ ತೆರೆಯಲು ಬರುವುದಿಲ್ಲ, ಆದರೆ ಬೆಳಕು ಬರುತ್ತದೆ. ಮಗು ಬಾಲ್ಕನಿಯ ಕುರ್ಚಿ ಹತ್ತಿತು ಅನ್ನುವ ಭಯ ಇಲ್ಲ. ಒಳಗಿನ ಕ್ಯಾಬಿನ್‌ನಲ್ಲಿ ದೀಪ ಆರಿಸಿದರೆ ಕೈ ಮುಂದೆ ಹಿಡಿದರೂ ಕಾಣದಷ್ಟು ಕತ್ತಲೆ. ಬೆಳಗಾದದ್ದೇ ಗೊತ್ತಾಗದೆ ತಿಂಡಿ ತಪ್ಪಿಸಿಕೊಂಡವರನ್ನು ನೋಡಿದ್ದೇನೆ. ಅದಕ್ಕೆ ಸುಲಭದ ಉಪಾಯ ಇದೆ. ಎಷ್ಟೋ ಹಡಗುಗಳಲ್ಲಿ ಮುಂದಿನ ಕ್ಯಾಮೆರಾದ ಚಿತ್ರ ಟಿವಿಯಲ್ಲಿ ಬರುತ್ತದೆ. ಅದನ್ನು ಹಾಕಿ, ಸದ್ದು ಬಂದ್ ಮಾಡಿ ಮಲಗಿದರೆ ಸೂರ್ಯ ಹುಟ್ಟುವಾಗ ಕೋಣೆಯಲ್ಲೂ ಬೆಳಕಾಗುತ್ತದೆ.

ಟ್ರಾವೆಲ್ ಏಜೆಂಟರಲ್ಲಿ ಒಂದು ಕೋರಿಕೆ. ಅಪ್‌ಗ್ರೇಡ್ ಮಾಡಿಸಿ ಅಂತ ಫೋನ್ ಮಾಡುವಾಗ ಕ್ಯಾಬಿನ್ ನಂಬರ್, ಮಹಡಿ, ಮುಂದೋ ನಡುವೋ ಹಿಂದೋ, ಕಿಟಕಿ ಎದುರು ಏನಿದೆ, ಮನೆಯವರೆಲ್ಲ ಸೇರಿ ಒಟ್ಟು ಎಷ್ಟು, ಇಷ್ಟನ್ನು ವಾಟ್ಸ್‌ಆ್ಯಪಿನಲ್ಲಿ ಬರೆದು ಕಳಿಸಿ. ಯೋಚಿಸಲು ಒಂದು ದಿನ ಕೊಡಿ. ಕ್ಯಾಬಿನ್ ನಂಬರ್ ಕಂಪನಿ ಆಮೇಲೆ ಕೊಡುತ್ತದೆ ಅಂತಾದರೆ ಅದನ್ನೂ ಮೊದಲೇ ಹೇಳಿ. ಓದುಗರೂ ಅಷ್ಟೆ, ಇದು ಬರೆದು ಬರುವ ತನಕ ದುಡ್ಡು ಹಾಕಬೇಡಿ.

ನಿಮ್ಮ ಪತ್ರಿಕೆಗೂ ಒಂದು ಮನವಿ. ಮಳೆಗಾಲ ಮುಗಿಯುತ್ತಿದ್ದಂತೆ ದಸರಾ, ದೀಪಾವಳಿ ರಜೆಗೆ ಬುಕಿಂಗ್ ಜೋರಾಗುತ್ತದೆ. ಅದಕ್ಕೆ ಮುಂಚೆ ಪ್ರವಾಸ ಪುಟದಲ್ಲಿ ಒಂದು ಹಡಗಿನ ಡೆಕ್ ಪ್ಲ್ಯಾನ್ ಅಚ್ಚು ಹಾಕಿ. ಲೈಫ್‌ಬೋಟ್ ಎಲ್ಲಿ, ಈಜುಕೊಳ ಎಲ್ಲಿ, ನೈಟ್ ಕ್ಲಬ್ ಎಲ್ಲಿ ಅಂತ ಕನ್ನಡದಲ್ಲಿ ಗುರುತು ಮಾಡಿ. ಗುರುತು ಮಾಡಲು ಜನ ಬೇಕಾದರೆ ಹೇಳಿ ಕಳಿಸಿ, ನಾನು ಬರುತ್ತೇನೆ.

ಇತಿ,
ಮಾಜಿ ಕ್ಯಾಬಿನ್ ಸ್ಟೀವರ್ಡ್
ಕೋಟೇಶ್ವರ, ಕುಂದಾಪುರ ತಾಲೂಕು