ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ಫೋಟೊ ಹಾಕುವವರ ಗಮನಕ್ಕೆ

ಸದಸ್ಯರೇ, ಲಂಡನ್ ಅರಮನೆ ಕಾವಲಿನ ಕೆಂಪು ಕೋಟಿನವರೆಲ್ಲ ಒಂದೇ ರೆಜಿಮೆಂಟ್ (ಸೇನಾ ಪಡೆ) ಅಲ್ಲ; ಕೋಲ್ಡ್‌ಸ್ಟ್ರೀಮ್ ಅವುಗಳಲ್ಲಿ ಒಂದು. ಹೆಸರು ಬರೆಯುವ ಮೊದಲು ಕೋಟಿನ ಗುಂಡಿಗಳು ಎಷ್ಟೆಷ್ಟರ ಗುಂಪಿನಲ್ಲಿವೆ ಎಣಿಸಿ: ಒಂಟೊಂಟಿಯಾಗಿದ್ದರೆ ಗ್ರೆನೇಡಿಯರ್, ಜೋಡಿಯಾಗಿದ್ದರೆ ಕೋಲ್ಡ್‌ಸ್ಟ್ರೀಮ್, ಮೂರರ ಗುಂಪಾದರೆ ಸ್ಕಾಟ್ಸ್, ನಾಲ್ಕು ಐರಿಷ್, ಐದು ವೆಲ್ಷ್. ಕರಡಿ ಚರ್ಮದ ಟೋಪಿಯ ತುರಾಯಿ ನೋಡಿಯೂ ಹೇಳಬಹುದು. ಕೋಲ್ಡ್‌ಸ್ಟ್ರೀಮ್‌ನದು ಕೆಂಪು, ಧರಿಸಿದವರ ಬಲಕ್ಕೆ. ಆದರೆ ಕನ್ನಡಿಯಂತೆ ತಿರುಗಿದ ಫೋಟೊದಲ್ಲಿ ಎಡ-ಬಲ ಅದಲುಬದಲಾಗುತ್ತದೆ, ಗುಂಡಿಯ ಲೆಕ್ಕ ತಪ್ಪುವುದಿಲ್ಲ.

ಇತಿಹಾಸ ಬರೆಯುವಾಗ ಇಸವಿ ಕಲಸಬೇಡಿ. 1650ರಲ್ಲಿ ಸೇನಾನಿ ಜಾರ್ಜ್ ಮಂಕ್ ಕೋಲ್ಡ್‌ಸ್ಟ್ರೀಮ್ ಪಡೆ ಕಟ್ಟಿದ್ದು ರಾಜನ ವಿರೋಧಿ ಕ್ರಾಮ್‌ವೆಲ್‌ನ ಸೈನ್ಯಕ್ಕೆ, ರಾಜನಿಗಲ್ಲ! 1660ರ ಜನವರಿಯಲ್ಲಿ ಸ್ಕಾಟ್ಲೆಂಡ್ ಗಡಿಯ ಕೋಲ್ಡ್‌ಸ್ಟ್ರೀಮ್ ಊರಿನಿಂದ ಲಂಡನ್ನಿಗೆ ಹೊರಟಿತು. ಹೆಸರು ಬಂದದ್ದು ಆ ಊರಿನಿಂದಲೇ. 1661ರ ಫೆಬ್ರವರಿ 14ರಂದು ಟವರ್ ಹಿಲ್‌ನಲ್ಲಿ ಆಯುಧ ಕೆಳಗಿಟ್ಟು, ರಾಜನ ಕಾವಲುಪಡೆಯಾಗಿ ಮತ್ತೆ ಎತ್ತಿಕೊಂಡಿತು.