ಬಣ್ಣದ ರೀಲು ಸಿಗಲಿಲ್ಲೇನು?

ನಮಸ್ಕಾರ,

ಮೊನ್ನೆ ನಮ್ಮ ಸುದ್ದಿಪತ್ರದ ಹಳೆಯ ಸಂಚಿಕೆಗಳನ್ನು ತಿರುವಿ ಹಾಕಿದೆ. ಯುಗಾದಿ, ದೀಪಾವಳಿ, ರಾಜ್ಯೋತ್ಸವ, ಹಬ್ಬ ಯಾವುದೇ ಇರಲಿ, ಫೋಟೋ ಒಂದೇ. ವೇದಿಕೆ ಮೇಲೆ ಸಾಲಾಗಿ ನಿಂತವರು, ಹಿಂದೆ ಬ್ಯಾನರ್, ಎಲ್ಲರದ್ದೂ ಒಂದೇ ಅಳತೆಯ ನಗು. ಬೇರೆಯವರನ್ನು ಏಕೆ ಅನ್ನಲಿ, ಆರಿಸಿದವಳು ನಾನೇ ಅಲ್ವಾ.

ಈ ಸಲ ಎಳ್ಳಮಾವಾಸ್ಯೆಗೆ ಕಲಬುರಗಿ ಜಿಲ್ಲೆಯ ಸೇಡಂ ಹತ್ತಿರದ ತವರಿಗೆ ಹೋಗಿದ್ದೆ. ಬ್ಯಾಗಿನಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾ, ಕಪ್ಪು-ಬಿಳುಪಿನ ಎರಡು ರೀಲು. ರೀಲಿಗೆ 36 ಫೋಟೋ ಅಂದ ಮೇಲೆ ಕೈ ತಾನಾಗಿಯೇ ಬಿಗಿಯಾಗುತ್ತದೆ. 'ಇಲ್ಲಿ ನೋಡ್ರಿ' ಅಂತ ಯಾರಿಗೂ ಹೇಳಲಿಲ್ಲ. ಮೊದಲು ಸ್ವಲ್ಪ ಹೊತ್ತು ಎಲ್ಲರೂ ಸೆರಗು, ಟೋಪಿ ಸರಿಮಾಡಿಕೊಂಡರು. ಆಮೇಲೆ ನನ್ನನ್ನು ಮರೆತರು.

ನಮ್ಮದು ಶಹಾಬಾದ್ ಕಲ್ಲಿನ ಮನೆ. ಅಡುಗೆಮನೆಗೆ ಮಾಳಿಗೆಯ ಬೆಳಕಿಂಡಿಯಿಂದ ಬೀಳುವಷ್ಟೇ ಬೆಳಕು. ಅದರಡಿ ಚಿಗವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಫ್ಲ್ಯಾಶ್ ಹಾಕಿದ್ದರೆ ಆ ಕತ್ತಲೆ ಹಾಳಾಗುತ್ತಿತ್ತು. ಕಡಿಮೆ ಬೆಳಕಿಗೂ ಒಗ್ಗುವ 400ರ ಫಿಲ್ಮು, ಸೆಕೆಂಡಿನ 30ರಲ್ಲಿ ಒಂದು ಭಾಗದಷ್ಟು ಹೊತ್ತು ತೆರೆಯುವ ಶಟರ್. ಗೋಡೆಗೆ ಒರಗಿ, ಉಸಿರು ಹಿಡಿದು ಒತ್ತಿದೆ. ಮುಖ ಸ್ಪಷ್ಟ, ಕೈ ಮಸುಕು. ಇರಲಿ, ರೊಟ್ಟಿ ಬಡಿಯುವ ಕೈ ಎಂದಾದರೂ ನಿಂತಿತ್ತೇ?

ಬಣ್ಣ ಇದ್ದರೆ ಕಣ್ಣು ಪ್ಲಾಸ್ಟಿಕ್ ಬಿಂದಿಗೆಯ ಕಡೆ ಓಡುತ್ತದೆ. ಇಲ್ಲದಿದ್ದರೆ ಯಾರು ಯಾರನ್ನು ನೋಡುತ್ತಿದ್ದಾರೆ ಅನ್ನುವುದು ಮೊದಲು ಕಾಣುತ್ತದೆ. (ಮೊಬೈಲ್ ಫೋಟೋಗೆ ಸುಮ್ನೆ ಫಿಲ್ಟರ್ ಹಾಕಿ 'ಹಳೇದು' ಮಾಡುವುದು ಬೇರೆ. ಅದು ನನಗೆ ಸೇರಲ್ಲ.)

ಒಲೆ ಮುಂದೆ ನನಗೆ ಜಾಗ ಸಿಕ್ಕಿದ್ದು ಮನೆ ಮಗಳೆಂದು. ನಮ್ಮ ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿದ್ದಾಗ, 1892ರಲ್ಲಿ, ಛಾಯಾಗ್ರಾಹಕ ರಾಜಾ ದೀನ್ ದಯಾಳ್ ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಝನಾನಾ ಸ್ಟುಡಿಯೋ ತೆರೆದಿದ್ದರು. ಅದನ್ನು ನೋಡಿಕೊಂಡವರೂ ಒಬ್ಬ ಹೆಂಗಸೇ. ಆದರೂ ಫೋಟೋಗೆ ಸ್ಟುಡಿಯೋಕ್ಕೇ ಹೋಗಬೇಕಿತ್ತು. ರೊಟ್ಟಿ ಬಡಿಯುತ್ತಾ ಯಾರು ಹೋಗುತ್ತಾರೆ?

ಹೊಲದಲ್ಲಿ ಜೋಳದ ದಂಟಿನ ಕೊಂಪೆ, ಒಳಗೆ ಸುಣ್ಣ ಹಚ್ಚಿದ ಐದು ಕಲ್ಲು, ನಮ್ಮ ಪಾಂಡವರು. ದೊಡ್ಡಪ್ಪ ಚರಗ, ಅಂದರೆ ಭೂತಾಯಿಗೆ ಎಡೆ, ಚೆಲ್ಲುತ್ತಾ ಹೊಲ ಸುತ್ತಿದ. ಅವನ ಹಿಂದೆಯೇ ಓಡಿ ಎಷ್ಟೋ ಫೋಟೋ ತೆಗೆದೆ. ಆಮೇಲೆ ರೀಲು ಹಿಂದಕ್ಕೆ ಸುತ್ತುವ ಮೊದಲೇ ಕ್ಯಾಮೆರಾದ ಮುಚ್ಚಳ ತೆರೆದುಬಿಟ್ಟೆ! ಬಿಸಿಲು ಬಿದ್ದು ಚರಗವೆಲ್ಲ ಹೋಯಿತು. ರೊಟ್ಟಿ, ಭಜ್ಜಿ, ಅಂಬಲಿ ಮೊದಲ ರೀಲಿನಲ್ಲಿದ್ದದ್ದರಿಂದ ಉಳಿದವು.

ಅದರಲ್ಲೊಂದು ಫೋಟೋ ಇಲ್ಲಿ ಹಾಕಿಲ್ಲ. ಕೇಳಿದೆ, 'ಬ್ಯಾಡ' ಅಂದರು. ಏನಿತ್ತು ಅಂತ ಹೇಳಿದರೂ ಹಾಕಿದಂತೆಯೇ.

ಮುಂದಿನ ಸಂಚಿಕೆಗೆ ನಿಮ್ಮ ಮನೆಯದೊಂದು ಫೋಟೋ ಕಳಿಸಿ. ಯಾರೂ ಕ್ಯಾಮೆರಾ ನೋಡುತ್ತಿರಬಾರದು. ಫೋಟೋದಲ್ಲಿ ಇದ್ದವರನ್ನು ಕೇಳಿಯೇ ಕಳಿಸಿ.

ಪ್ರಿಂಟ್ ತಲುಪಿದ ದಿನ ಚಿಗವ್ವ ಫೋನ್ ಮಾಡಿದ್ದಳು. "ಯವ್ವಾ, ನಿನಗ ಬಣ್ಣದ್ ರೀಲ್ ಸಿಗಲಿಲ್ಲೇನು? ಹಬ್ಬಕ್ಕಂತ ಹೊಸ ಸೀರಿ ಉಟ್ಟಿದ್ದೆ."

ಅದು ಯಾವ ಬಣ್ಣದ್ದಿತ್ತೋ, ಎಷ್ಟು ನೆನೆದರೂ ಹೊಳೆಯಲಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ.

– ಸಂಪಾದಕಿ