ವೈಸ್‌ಮನ್‌ನಿಂದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಾನು ಕ್ಷೇಮ. "ಜನವೇ ಇಲ್ಲದ ಕಾಡಿನಲ್ಲಿ ಚಳಿಗಾಲವಿಡೀ ಏನು ಮಾಡುತ್ತೀಯ?" ಎಂದು ಕೇಳಿದ್ದೆಯಲ್ಲ, ಅದಕ್ಕೇ ಈ ಉದ್ದದ ಉತ್ತರ.

ನಾನಿರುವುದು ಅಲಾಸ್ಕಾದ ವೈಸ್‌ಮನ್‌ನಲ್ಲಿ. ಬ್ರೂಕ್ಸ್ ಪರ್ವತಶ್ರೇಣಿಯ ಕಣಿವೆಯೊಂದರಲ್ಲಿ, ಆರ್ಕ್ಟಿಕ್ ವೃತ್ತದಿಂದ ಸುಮಾರು 95 ಕಿ.ಮೀ. ಉತ್ತರಕ್ಕಿರುವ ಊರು. ಮರದ ದಿಮ್ಮಿಗಳಿಂದ ಕಟ್ಟಿದ ವಸತಿಗೃಹದ ಅಡುಗೆಮನೆಯಲ್ಲಿ ನನಗೆ ಕೆಲಸ. ಡಿಸೆಂಬರ್ ಆರಂಭದಲ್ಲಿ ಬೆಟ್ಟದ ಹಿಂದೆ ಸರಿದ ಸೂರ್ಯ ಮತ್ತೆ ಮುಖ ತೋರಿಸುವುದು ಜನವರಿಯಲ್ಲೇ. ನಡುಹಗಲಿನಲ್ಲಿ ದಕ್ಷಿಣದ ಆಕಾಶ ಕೆಲಹೊತ್ತು ಕೆಂಪೇರುತ್ತದೆ, ಅಷ್ಟೇ. ರಾತ್ರಿಯಿಡೀ ವಿದ್ಯುತ್ ತಂತಿ ಸಿಕ್ಕಿಸಿ ಎಂಜಿನ್ನನ್ನು ಬೆಚ್ಚಗಿಡದಿದ್ದರೆ ಬೆಳಿಗ್ಗೆ ಕಾರು ಜಪ್ಪಯ್ಯ ಎಂದರೂ ಕದಲುವುದಿಲ್ಲ. ಇಲ್ಲಿಂದ ದಕ್ಷಿಣಕ್ಕಿರುವ ಪ್ರಾಸ್ಪೆಕ್ಟ್ ಕ್ರೀಕ್‌ನಲ್ಲಿ 1971ರ ಜನವರಿ 23ರಂದು ಮೈನಸ್ 62 ಡಿಗ್ರಿ ದಾಖಲಾಗಿತ್ತು. ಅಮೆರಿಕದ ಮಟ್ಟಿಗೆ ಅದೇ ಇಂದಿಗೂ ದಾಖಲೆ.

ಆದರೆ ಇದನ್ನು ಜನವಿಲ್ಲದ ಜಾಗವೆಂದು ಮಾತ್ರ ಕರೆಯಬೇಡ. ನೂರು ವರ್ಷದ ಹಿಂದೆ ಇಲ್ಲಿ ಚಳಿಗಾಲವೆಂದರೆ ದುಡಿಮೆಯ ಕಾಲ. ಚಿನ್ನ ಅರಸಿ ಬಂದವರು ಕಲ್ಲಿನಂತೆ ಹೆಪ್ಪುಗಟ್ಟಿದ ನೆಲವನ್ನು ಬೆಂಕಿಯಿಂದಲೂ ಹಬೆಯಿಂದಲೂ ಕರಗಿಸಿ, ತಳದ ಬಂಡೆ ಸಿಗುವವರೆಗೂ ಬಾವಿ ತೋಡುತ್ತಿದ್ದರು. ಚಳಿಯಲ್ಲಿ ಬಾವಿಗೆ ನೀರು ನುಗ್ಗದು, ಗೋಡೆ ಕುಸಿಯದು. ರಾಟೆಯಿಂದ ಮೇಲೆತ್ತಿದ ಜಲ್ಲಿಯನ್ನು ರಾಶಿ ಹಾಕಿ, ವಸಂತದಲ್ಲಿ ತೊರೆ ಹರಿಯತೊಡಗಿದ ಮೇಲೆ ತೊಳೆಯುತ್ತಿದ್ದರು. ತಿಂಗಳುಗಟ್ಟಲೆ ಕತ್ತಲಲ್ಲಿ ದುಡಿದದ್ದಕ್ಕೆ ಏನು ಸಿಕ್ಕಿತೆಂಬುದು ಆ ಕೊನೆಯ ಗಳಿಗೆಯವರೆಗೂ ಗೊತ್ತಾಗುತ್ತಿರಲಿಲ್ಲ! ಇಲ್ಲಿನ ಹಳೆಯ ಮನೆಗಳ ದಿಮ್ಮಿಗಳ ಸಂದಿಯಲ್ಲಿ ಪಾಚಿ ತುರುಕಿದ್ದಾರೆ. ಒಣಗಿ ಕಂದು ನಾರಾಗಿದೆ, ಆದರೂ ಗಾಳಿಯನ್ನು ಒಳಗೆ ಬಿಡುವುದಿಲ್ಲ.

1929ರಲ್ಲಿ ರಾಬರ್ಟ್ ಮಾರ್ಷಲ್ ಎಂಬ ಅರಣ್ಯತಜ್ಞ ಮರಗಳ ಬೆಳವಣಿಗೆಯನ್ನು ಅಭ್ಯಸಿಸಲು ಈ ಕಡೆ ಬಂದ. ಮರುವರ್ಷ ಮತ್ತೆ ಬಂದು ಒಂದು ವರ್ಷಕ್ಕೂ ಹೆಚ್ಚು ಕಾಲ ವೈಸ್‌ಮನ್‌ನಲ್ಲೇ ನೆಲೆಸಿದ. ಗಣಿಗಾರರು, ಈ ನೆಲದ ಮೂಲನಿವಾಸಿಗಳಾದ ಇನ್ಯೂಪಿಯಾಟ್ ಕುಟುಂಬಗಳು ಎಲ್ಲರೊಂದಿಗೂ ಬೆರೆತು, ಅವರ ಬದುಕಿನ ಬಗ್ಗೆಯೇ 1933ರಲ್ಲಿ ಪುಸ್ತಕ ತಂದ. ಅದರ ಗೌರವಧನವನ್ನು ಊರಿನವರೊಂದಿಗೆ ಹಂಚಿಕೊಂಡನಂತೆ ಎಂದು ಕೇಳಿದಾಗ ಆ ಮನುಷ್ಯನ ಮೇಲೆ ನನಗೆ ಪ್ರೀತಿಯೇ ಹುಟ್ಟಿತು. 1935ರಲ್ಲಿ ಅಮೆರಿಕದ ವನ್ಯಪ್ರದೇಶಗಳ ರಕ್ಷಣೆಗೆ ಸಂಸ್ಥೆ ಕಟ್ಟಿದವರಲ್ಲಿ ಅವನೂ ಒಬ್ಬ. 38ನೆಯ ವಯಸ್ಸಿಗೇ ತೀರಿಕೊಂಡ.

ಹೆದ್ದಾರಿ ಬಂದದ್ದು 1974ರಲ್ಲಿ, ಉತ್ತರದ ತೈಲಕ್ಕಾಗಿ. ಈಗಲೂ ರಾತ್ರಿಯೆಲ್ಲ ಲಾರಿಗಳು ಓಡುತ್ತವೆ. ಊರಿನಲ್ಲಿ ಉಳಿದವರು ಬೆರಳೆಣಿಕೆಯಷ್ಟು ಮಂದಿ. 1980ರಲ್ಲಿ ಪಕ್ಕದ ಪರ್ವತಗಳು 'ಗೇಟ್ಸ್ ಆಫ್ ದಿ ಆರ್ಕ್ಟಿಕ್' ರಾಷ್ಟ್ರೀಯ ಉದ್ಯಾನವಾದಾಗ, ಹೊಟ್ಟೆಪಾಡಿಗಾಗಿ ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನು ಕಾನೂನು ಇಂಥ ಊರುಗಳವರಿಗೆ ಉಳಿಸಿಕೊಟ್ಟಿತು. ಆದ್ದರಿಂದ ಇಲ್ಲಿನ ಮನೆಗಳಲ್ಲಿ ಇವತ್ತಿಗೂ ಕ್ಯಾರಿಬೂ ಎಂಬ ಹಿಮನಾಡಿನ ಜಿಂಕೆಯ ಮಾಂಸ ಬೇಯುತ್ತದೆ. ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ತಿರುಗಿದವನು ನೀನು. ನಾಗರಹೊಳೆಯಿಂದ ಹೊರಬಿದ್ದ ಜೇನುಕುರುಬರ ಪಾಡನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಕಾಡನ್ನೂ ಜನರನ್ನೂ ಒಟ್ಟಿಗೆ ಉಳಿಸುವ ದಾರಿಯನ್ನು ನಮ್ಮಲ್ಲಿ ಇನ್ನೂ ಗಂಭೀರವಾಗಿ ಹುಡುಕಿಲ್ಲ ಎಂಬ ಸಂಕಟ ನನ್ನನ್ನು ಬಿಡುತ್ತಿಲ್ಲ.

ಹಾಡಿಯ ಹಿರಿಯರು ಹೇಳಿದ್ದನ್ನು ನೀನು ಬರೆದಿಟ್ಟುಕೊಂಡಿದ್ದೀಯಲ್ಲ, ಅದರ ಪ್ರತಿಯೊಂದನ್ನು ಕಳಿಸು. ಊಟದ ಮೇಜಿನಲ್ಲಿ ಇಲ್ಲಿನವರಿಗೆ ಓದಿ, ಅರ್ಥ ಹೇಳುತ್ತೇನೆ, ಆಗಲೇ ಕೇಳತೊಡಗಿದ್ದಾರೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಗೆಳೆಯ